ಹಟ್ಟಿಗೆಲ್ಲ ಗೊತ್ತಿದ್ದ ನಮ್ಮ ಮನೆಯ ಮಾತು

ಬೆಲ್ಲದ ಡಬ್ಬಿಯ ತಳ ಕೆರೆದು, ಉಳಿದಿದ್ದ ಚೂರನ್ನು ಮಗನ ಹಾಲಿಗೆ ಹಾಕಿ, ಸಂಜೆ ಗಂಡನಿಗೆ ಹೇಳಿ ತರಿಸಬೇಕು ಎಂದುಕೊಂಡೆ. ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಬಾಗಿಲು ತೆರೆದರೆ ಎದುರಿಗೆ ಬರೀ ಮಂಜು. ಅದರೊಳಗಿಂದ ಮೊದಲು ಒಂದು ಮುಖ ಬಂತು, ಆಮೇಲೆ ಒಂದು ಕೈ, ಕೈಯಲ್ಲಿ ಬೆಲ್ಲದ ಉಂಡೆ. ಉಟ್ಟಿದ್ದೂ ಬಿಳಿ, ತಲೆಗೆ ಕಟ್ಟಿದ್ದೂ ಬಿಳಿ, ಹಾಗಾಗಿ ನಡುವೆ ಮೈ ಇದ್ದದ್ದು ಕಾಣಲೇ ಇಲ್ಲ.

"ಬೆಲ್ಲ ಇಲ್ಲೆ ಅಲ್ಲವಾ? ಎತ್ತಿಕೋ ಅವ್ವೆ," ಎಂದರು ಪಕ್ಕದ ಮನೆಯ ಮಾದಿ ಹೆತ್ತೆ.

ನಾನು ಕೈಯೊಡ್ಡಿ ತೆಗೆದುಕೊಂಡೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮಂಜಿನೊಳಗೆ ಹೋಗಿಯಾಗಿತ್ತು. ಆ ದಿನ ಚಹಾಕ್ಕೆ ಆ ಬೆಲ್ಲ ಹಾಕಲು ನನಗೆ ಮನಸ್ಸು ಬರಲಿಲ್ಲ.

ಇದನ್ನು ಓದುವ ನಿಮಗೆ ನಗು ಬರಬಹುದು. ನಾನು ಗುಳೇದಗುಡ್ಡದ ನೇಕಾರರ ಓಣಿಯ ಹೆಣ್ಣು. ನಮ್ಮಲ್ಲಿ ಮಾತೆಂದರೆ ಮಗ್ಗದ ಸದ್ದನ್ನು ಮೀರಿಸಿ ಕೂಗುವುದು. ಪಿಸುಮಾತು ನಮ್ಮ ಓಣಿಗೆ ಗೊತ್ತೇ ಇಲ್ಲ. ಒಂದು ಮನೆಯ ಜಗಳ ಹತ್ತು ಮನೆಗೆ ಕೇಳಿಸುತ್ತದೆ, ಹಾಗಾಗಿ ನೆರೆಯವರಿಗೆ ಗೊತ್ತಾದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಇಲ್ಲಿ ಸದ್ದೇ ಇಲ್ಲ. ನನ್ನ ಗಂಡ ಬಸವರಾಜ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಬ್ಬು ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ಚಹಾ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುವ ಮೆಷಿನ್ನು ವರ್ಷವಿಡೀ ಓಡುತ್ತದೆ, ಬಾ ಎಂದು ಹಳೆಯ ಜೊತೆಗಾರ ಕರೆದದ್ದಕ್ಕೆ ನಾವು ಮೂವರೂ ಗಂಟುಮೂಟೆ ಕಟ್ಟಿ ನೀಲಗಿರಿಗೆ ಬಂದೆವು.

ಮನೆ ಸಿಕ್ಕಿದ್ದು ಕೆತ್ತಿ ಕಣಿವೆಯ ಮೇಲಿನ ಒಂದು ಹಟ್ಟಿಯಲ್ಲಿ. ಇಲ್ಲಿ ಹಟ್ಟಿ ಎಂದರೆ ಬಡಗರ ಊರು. ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು, ಎಲ್ಲಕ್ಕೂ ಸೇರಿ ಒಂದೇ ಉದ್ದನೆಯ ಅಂಗಳ, ಸುತ್ತ ಚಹಾ ಗಿಡ, ಕೆಳಗೆ ಕ್ಯಾರೆಟ್ ಹೊಲ. ಅವರ ಮಾತು ಕನ್ನಡದ ಹಾಗೆಯೇ ಕೇಳಿಸುತ್ತದೆ. ಅರ್ಧ ತಿಳಿಯುತ್ತದೆ, ಉಳಿದರ್ಧ ತಿಳಿಯಿತು ಎನ್ನುವಾಗ ಕೈ ತಪ್ಪುತ್ತದೆ. ಹೆತ್ತೆ ಎಂದರೆ ಅಜ್ಜಿ, ಅವ್ವೆ ಎಂದರೆ ತಾಯಿ. ಪ್ರೀತಿಯಿಂದ ಯಾವ ಹೆಣ್ಣುಮಗಳನ್ನಾದರೂ ಹಾಗೆ ಕರೆಯುತ್ತಾರೆ. ಅವರ ಮಾತನ್ನು ನನ್ನ ಕಿವಿಗೆ ಬಿದ್ದಂತೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕಿವಿಯದೇ ತಪ್ಪು.

ನಮ್ಮ ಓಣಿಯಲ್ಲಿ ಬಿಳಿ ಉಟ್ಟ ಹೆಂಗಸರು ನಾಲ್ಕು ಮಂದಿ ಒಟ್ಟಿಗೆ ಕಂಡರೆ ಯಾರ ಮನೆಯಲ್ಲಿ ಏನಾಯಿತೋ ಎಂದು ಕೇಳುತ್ತೇವೆ. ಇಲ್ಲಿ ಮದುವೆಗೂ ಅದನ್ನೇ ಉಡುತ್ತಾರೆ. ನಮ್ಮಲ್ಲಿ ಬಟ್ಟೆ ಹಿಂಡಿ ಹಾಕಿದರೆ ಒಳಗೆ ಹೋಗಿ ಬರುವಷ್ಟರಲ್ಲಿ ಗರಿಗರಿ; ಇಲ್ಲಿ ಮಗನ ಚಡ್ಡಿಯನ್ನು ಒಲೆಯ ಮೇಲೆ ಹಿಡಿದು ಒಣಗಿಸಬೇಕು. ಅವರ ಅವರೆ ಉದಕವನ್ನು, ಅಂದರೆ ಅವರೆಕಾಳಿನ ಸಾರನ್ನು, ನಾನು ಮೊದಲ ಸಲ ಮಾಡಿದಾಗ ಬಸವರಾಜ ಎರಡನೆಯ ಸಲ ಹಾಕಿಸಿಕೊಂಡರು. ಜೋಳದ ಹಿಟ್ಟು ಊರಿನಿಂದ ಬರುತ್ತದೆ, ಆದರೆ ಈ ಥಂಡಿಯಲ್ಲಿ ರೊಟ್ಟಿ ತಟ್ಟಿ ತವೆಗೆ ಹಾಕುವಷ್ಟರಲ್ಲಿ ನನ್ನ ಬೆರಳುಗಳೇ ಸೆಟೆದುಕೊಳ್ಳುತ್ತವೆ. ಇವೆಲ್ಲ ಹೇಗೋ ಕಲಿಯುವಂಥವು. ನಾನು ಕಲಿಯಲಾರದ್ದು ಒಂದೇ ಇತ್ತು, ನನ್ನ ಮಗನ ಮೌನ.

ಸಂಗಮೇಶನಿಗೆ ಇನ್ನೂ ನಾಲ್ಕು ತುಂಬಿಲ್ಲ. ಊರಿನಲ್ಲಿ ಅವನ ಬಾಯಿ ಮುಚ್ಚಿಸುವುದೇ ನಮಗೊಂದು ಕೆಲಸವಾಗಿತ್ತು. ಈ ಮನೆಯ ಹೊಸ್ತಿಲು ದಾಟಿದ ದಿನ ಅವನ ಮಾತು ನಿಂತಿತು. ಅಳುವುದಿಲ್ಲ, ಹಟ ಮಾಡುವುದಿಲ್ಲ. ಕೈ ಹಿಡಿದು ಎಳೆದು ತೋರಿಸುತ್ತಾನೆ, ತಲೆ ಆಡಿಸುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಕೂನೂರಿನ ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿಯಾಗಿದೆ, ಒತ್ತಾಯ ಮಾಡಬೇಡಿ ಎಂದರು. ಊರಿಗೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನಾನು ಅವನಿಗೆ ನೆಗಡಿಯಾಗಿದೆ, ನಿದ್ದೆ ಬಂದಿದೆ ಎಂದು ಏನಾದರೊಂದು ಹೇಳುತ್ತಿದ್ದೆ. ಹಟ್ಟಿಯಲ್ಲಿಯೂ ಯಾರಿಗೂ ಹೇಳಲಿಲ್ಲ. ಹೊಸಬರು ನಾವು, ಬಂದವರ ಮಗು ಮೂಗ ಎಂದು ಹೆಸರಾಗುವುದು ಬೇಡ ಎಂದಿತ್ತು. ಮಗ ಅಂಗಳದ ಮಕ್ಕಳ ಹಿಂದೆ ಮನೆಯಿಂದ ಮನೆಗೆ ತಿರುಗುತ್ತಿದ್ದ. ಇಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಯಾರೂ ಹಿಡಿದಿಡುವುದಿಲ್ಲ. ಹಸಿವಾದಲ್ಲಿ ಉಣ್ಣುತ್ತವೆ, ನಿದ್ದೆ ಬಂದಲ್ಲಿ ಮಲಗುತ್ತವೆ. ಅಲ್ಲಿಯೂ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾನೆ ಎಂದೇ ನಾನು ತಿಳಿದಿದ್ದೆ. ಅವನ ಬಗ್ಗೆ ಯಾರೂ ಏನೂ ಕೇಳದಿದ್ದದ್ದು ಅವರ ದೊಡ್ಡತನ ಎಂದುಕೊಂಡಿದ್ದೆ.

ಬೆಲ್ಲದ ನಂತರ ಅದು ನಿಲ್ಲಲಿಲ್ಲ. ನಳದ ಹತ್ತಿರ ಒಬ್ಬಾಕೆ ನನ್ನ ಸೊಂಟ ಮುಟ್ಟಿ, ಎಣ್ಣೆ ತಿಕ್ಕಿದರೆ ವಾಸಿಯಾಗುತ್ತದೆ ಎಂದಳು. ಸೊಂಟ ನೋಯುತ್ತಿದ್ದದ್ದು ಹೌದು, ನಾನು ನರಳಿದ್ದು ಮಾತ್ರ ನಮ್ಮ ಅಡುಗೆಮನೆಯ ಒಳಗೆ. ಇನ್ನೊಂದು ದಿನ ಮಾದಿ ಹೆತ್ತೆ, ದೇವರ ಪಟದ ಗಾಜು ಒಡೆದರೆ ಬೇರೆ ಹಾಕಿಸಬಹುದು, ಅದಕ್ಕೆ ಅಳುವುದೇಕೆ ಎಂದು ಸಮಾಧಾನ ಹೇಳಿದರು. ನಾನು ಬಾಗಿಲು ಹಾಕಿಕೊಂಡು ಅತ್ತಿದ್ದೆ.

"ಈ ಗ್ವಾಡಿಗೆ ಕಿವಿ ಅದಾವು," ಎಂದೆ ಗಂಡನಿಗೆ.

"ಕಾಡೆಮ್ಮಿ ಕಿಟಕ್ಯಾಗ ಹಣಿಕಿ ನೋಡಿ ಹೇಳಿರಬೇಕು ತಗಿ," ಎಂದು ಅವರು ನಕ್ಕರು. ಹಟ್ಟಿಯ ಕೆಳಗಿನ ಚಹಾ ತೋಟದಲ್ಲಿ ಕಾಡೆಮ್ಮೆಗಳು ಮೇಯುತ್ತಿರುತ್ತವೆ, ಅದಕ್ಕೆ ಆ ತಮಾಷೆ.

ನನಗೆ ನಗು ಬರಲಿಲ್ಲ. ಗೋಡೆಯ ಸಂದಿಗೆ ಹಳೆಯ ಖಣದ ಚೂರು ತುರುಕಿದೆ. ಕಿಟಕಿ ಮುಚ್ಚಿದೆ. ಮಾತು ಪಿಸುಗುಡುವುದಕ್ಕೆ ಇಳಿಯಿತು, ಆಮೇಲೆ ಅದೂ ಕಡಿಮೆಯಾಯಿತು. ಓಣಿಯನ್ನೇ ಎಬ್ಬಿಸುತ್ತಿದ್ದ ನಾನು ಪಾತ್ರೆಯನ್ನು ಸದ್ದಾಗದಂತೆ ಇಡಲು ಕಲಿತೆ. ಮಂಜು ಮಧ್ಯಾಹ್ನವೇ ಕಣಿವೆಯಿಂದ ಮೇಲೆ ಬಂದು ಬಾಗಿಲಿಗೆ ನಿಲ್ಲುತ್ತಿತ್ತು. ಮನೆಯೊಳಗೆ ಒಂದು ಮಾತಾಡದ ಮಗು, ಹೊರಗೆ ಎಲ್ಲ ತಿಳಿದ ಬಿಳಿ ಬಟ್ಟೆಯ ಹೆಂಗಸರು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಈ ಜಾಗವೇ ಮಗನ ಮಾತನ್ನು ತಿಂದು ನಮ್ಮ ಮನೆಯ ಸುದ್ದಿಯನ್ನು ಹೊರಗೆ ಉಗುಳುತ್ತಿದೆ ಎಂದು ಒಂದೊಂದು ಸಲ ಅನ್ನಿಸಿಬಿಡುತ್ತಿತ್ತು.

ಕೊನೆಗೆ ಸಂಗಮೇಶನನ್ನು ಕರೆದುಕೊಂಡು ಊರಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದೆ. ಮರಳಿ ಬರುವ ಯೋಚನೆ ಇರಲಿಲ್ಲ. ಗಂಡನಿಗೆ ಹೇಳುವ ಧೈರ್ಯವಾಗದೆ ಬಚ್ಚಲಿನಲ್ಲಿ ನಳ ಬಿಟ್ಟುಕೊಂಡು ತಂಗಿಗೆ ಫೋನ್ ಮಾಡಿದೆ. "ನಾ ಊರಿಗೆ ಬರಾಕತ್ತೀನಿ. ಇವರಿಗೆ ಇನ್ನಾ ಹೇಳಿಲ್ಲ, ನೀನೂ ಬಾಯಿ ಬಿಡಬ್ಯಾಡ," ಎಂದೆ. ಹೊರಗೆ ಬಂದಾಗ ಸಂಗಮೇಶ ಬಾಗಿಲ ಪಕ್ಕದಲ್ಲಿ ತನ್ನ ಮರದ ಲಾರಿ ಓಡಿಸುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಓಡಿಸಿದ.

ಮರುದಿನ ಊಟ ಮುಗಿಸಿ ಬಾಗಿಲು ತೆರೆದರೆ ಅಂಗಳದಲ್ಲಿ ಹಟ್ಟಿಯ ಹೆಂಗಸರು ಸಾಲಾಗಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಬಿಳಿ ಬಟ್ಟೆ, ಬಿಳಿ ಮಂಜು, ಮುಖಗಳು ಮಾತ್ರ ನನ್ನ ಕಡೆ ತಿರುಗಿದವು. ಒಳಗೆ ಯಾರೋ ತೀರಿಕೊಂಡಿದ್ದಾರೆ, ನನಗೆ ಗೊತ್ತಾಗಿಲ್ಲ ಅಷ್ಟೇ ಎನಿಸಿ, ತಿರುಗಿ ನೋಡಿದೆ. ಒಲೆ ಮುಂದೆ ಸಂಗಮೇಶ ಆರಾಮವಾಗಿ ಕೂತಿದ್ದ.

ಮಾದಿ ಹೆತ್ತೆ ಎದ್ದು ಬಂದರು. ಇಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ, ಕಿರಿಯರು ಬಾಗಬೇಕು. ನಾನು ಬಾಗಿದೆ. ಅವರ ಕೈ ತಣ್ಣಗಿತ್ತು.

"ಒಳ್ಳಿತಾಗಿ ಹೋಗು ಅವ್ವೆ," ಎಂದರು. "ಕೂಸಿನ ಚಿಂತೆ ಬೇಡ. ಎನ್ನ ಒಟ್ಟಿಗೆ ಒರಗಲಿ." ಒರಗುವುದೆಂದರೆ ಮಲಗುವುದು. ಹಿಂದಿದ್ದ ಒಬ್ಬಾಕೆ, ಬೆಳಗಿನ ಹಾಲು ತಮ್ಮ ಮನೆಯದು ಎಂದಳು. ಇನ್ನೊಬ್ಬಾಕೆಯ ಮಡಿಲಲ್ಲಿ ಒಂದು ಪುಟ್ಟ ಕಂಬಳಿ ಇತ್ತು, ಅವನಿಗೆಂದೇ ತಂದದ್ದು.

"ನಾ ಹೋಗೂದು ನಿಮಗ ಯಾರು ಹೇಳಿದ್ರು?"

"ಕೂಸು."

"ಯಾವ ಕೂಸು?"

"ನಿನ್ನ ಕೂಸು. ಅವ್ವೆ ಊರಿಗೆ ಹೋಪಳು, ನಾ ಇಲ್ಲಿ ಇಪ್ಪೆ, ಅಂತ ಹೇಳಿತು." ಇಪ್ಪೆ ಎಂದರೆ ಇರುತ್ತೇನೆ.

"ಅಂವ ಮಾತಾಡೂದಿಲ್ರಿ!" ಎಂದು ನಾನು ಕೂಗಿದೆ. ಎಷ್ಟೋ ತಿಂಗಳ ಮೇಲೆ ನನ್ನ ಓಣಿಯ ದನಿ ಹೊರಬಂದಿತ್ತು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಅವನು ಬಂದ ಕೆಲವೇ ದಿನಕ್ಕೆ ಮಾತು ಶುರು ಮಾಡಿದ್ದನಂತೆ, ಅದೂ ಅವರ ಮಾತಿನಲ್ಲೇ. ಬೆಲ್ಲ, ಸೊಂಟ, ಪಟದ ಗಾಜು, ಎಲ್ಲ ಅವನೇ ಹೇಳಿದ್ದು. ನನಗೆ ಗೊತ್ತಿಲ್ಲವೆಂದು ಅವರಿಗೆ ಹೊಳೆಯಬೇಕಾದರೂ ಹೇಗೆ? ನಮ್ಮ ಮನೆಯಿಂದ ಯಾವ ದನಿಯೂ ಕೇಳದ್ದರಿಂದ, ಆ ಕಡೆಯ ಜನ ಮನೆಯೊಳಗೆ ಮಾತಾಡುವುದೇ ಕಡಿಮೆ ಎಂದು ಅವರು ತಿಳಿದಿದ್ದರು.

ನಂಬಿಕೆ ಬರಲಿಲ್ಲ. ಮರುದಿನ ಹೆತ್ತೆಯ ಮನೆಯ ಬಾಗಿಲ ಬಳಿ ಗೋಡೆಗೆ ಒತ್ತಿ ನಿಂತೆ. ಒಳಗೆ ಒಂದು ಮಗು ಮಾತಾಡುತ್ತಿತ್ತು. ತಡವರಿಕೆಯಿಲ್ಲ, ತೊದಲಿಲ್ಲ. ನಿಧಾನವಾಗಿ, ಇಲ್ಲಿಯ ಮುದುಕರು ಬಿಸಿಲಿಗೆ ಕೂತು ಹೇಳುವ ಧಾಟಿಯಲ್ಲಿ, ನಮ್ಮಪ್ಪನ ಬೂಟಿಗೆ ತೂತು ಬಿದ್ದಿದೆ, ಅವ್ವೆ ಗೋಡೆಗೆ ಬಟ್ಟೆ ತುರುಕಿದಳು ಎಂದು ಹೇಳುತ್ತಿತ್ತು. ಅದು ನನ್ನ ಮಗನ ದನಿ ಎಂದು ನನಗೆ ಗುರುತು ಸಿಗಲಿಲ್ಲ. ಹೆತ್ತ ತಾಯಿಗೆ ಗುರುತು ಸಿಗಲಿಲ್ಲ ಎಂದು ಬರೆಯುವಾಗ ಈಗಲೂ ಮೈ ಜುಂ ಎನ್ನುತ್ತದೆ. ತಡೆಯಲಾರದೆ ಒಳಗೆ ಕಾಲಿಟ್ಟೆ. ಕರೆಂಟು ಹೋದಾಗ ಮಗ್ಗ ನಿಂತಂತೆ ಮಾತು ನಿಂತಿತು. ಅವನು ನನ್ನನ್ನೇ ನೋಡಿದ, ಪ್ರೀತಿಯಿಂದಲೇ ನೋಡಿದ. ಬಂದು ನನ್ನ ಸೆರಗು ಹಿಡಿದುಕೊಂಡ. ಬಾಯಿ ಬಿಡಲಿಲ್ಲ.

ಡಾಕ್ಟರು ಕೇಳಿ ಹುಬ್ಬೇರಿಸಿದರು. ಮನೆಯಲ್ಲಿ ಮಾತಾಡಿ ಹೊರಗೆ ಮಾತಾಡದ ಮಕ್ಕಳನ್ನು ಅವರು ಕಂಡಿದ್ದರಂತೆ, ಇದು ಅದರ ತಿರುಗು ಮುರುಗು. ಕಾಯಿರಿ, ಬೈಯಬೇಡಿ ಎಂದರು. ಬಸವರಾಜನಿಗೂ ಎಲ್ಲ ಹೇಳಿದೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತೂತು ಬಿದ್ದ ಬೂಟು ಬಿಚ್ಚಿ ಬದಿಗಿಟ್ಟು, "ಒಬ್ಬಾಕಿನ ಹೋಗಿ ಒಂದ್ ವಾರ ಇದ್ದು ಬಾ. ಹುಡುಗನ್ನ ನಾ ನೋಡ್ಕೋತೀನಿ," ಎಂದರು.

ಹೋದೆ. ಗುಳೇದಗುಡ್ಡದಲ್ಲಿ ಬಸ್ಸಿಳಿದಾಗ ಬಿಸಿಲು ಮೈಗೆ ಹಿತವಾಗಿ ಚುರುಗುಟ್ಟಿತು. ಆದರೆ ಮಗ್ಗದ ಸದ್ದಿಗೆ ನಿದ್ದೆ ಬರಲಿಲ್ಲ. ಅವ್ವ ಕೂಗಿ ಮಾತಾಡಿದರೆ ಬೆಚ್ಚಿಬೀಳುತ್ತಿದ್ದೆ. ಸದ್ದಾಗದಂತೆ ಪಾತ್ರೆ ಇಡುವ ನನ್ನನ್ನು ನೋಡಿ, "ಏನವಾ, ಕಳ್ಳರಂಗ ಅಡ್ಡಾಡ್ತಿ," ಎಂದಳು ತಂಗಿ. ಸಂಜೆ ಬಸವರಾಜನ ಫೋನು ಬಂತು. ಹಲೋ ಎಂದೆ. ಆ ಕಡೆ ಸಣ್ಣ ಉಸಿರು.

"ಇಲ್ಲಿ ಮಂಜು ಬಂದೈತಿ," ಎಂದ ಸಂಗಮೇಶ.

ನಮ್ಮ ಮಾತಿನಲ್ಲಿ, ನಾನು ಮರೆತೇಹೋದ ಅವನ ಹಳೆಯ ದನಿಯಲ್ಲಿ. ನಾನು ಫೋನಿನ ಸ್ಪೀಕರ್ ಹಾಕಿದೆ. ಅವನು ಇಡೀ ದಿನದ ಸುದ್ದಿ ಹೇಳಿದ. ಅವ್ವ, ತಂಗಿ ಎಲ್ಲ ಸುತ್ತ ಕೂತು ಕಣ್ಣೊರೆಸಿಕೊಂಡರು. ದಿನಾ ಸಂಜೆ ಅದೇ ಆಯಿತು. ವಾರ ಮುಗಿಯುವ ಮೊದಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಏನೇನು ಕೇಳಬೇಕೆಂದು ಯೋಚಿಸುತ್ತಿದ್ದೆ. ಹಟ್ಟಿಗೆ ಬಂದು ಹೊಸ್ತಿಲು ದಾಟಿದೆ. ಓಡಿಬಂದು ಕಾಲು ತಬ್ಬಿಕೊಂಡ. ಮಾತಿಲ್ಲ.

ಈಗ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಸಂಜೆ ಗಂಡ ಕೆಲಸದಿಂದ ಬಂದ ಮೇಲೆ ಶಾಲು ಹೊದ್ದು ಹೊರಗೆ ಬಂದು, ಚಹಾ ಗಿಡದ ಪಕ್ಕ ನಿಂತು ಮನೆಗೆ ಫೋನ್ ಮಾಡುತ್ತೇನೆ. ಅಲ್ಲಿಂದ ನಮ್ಮ ಕಿಟಕಿ ಕಾಣುತ್ತದೆ. ದೀಪದ ಬೆಳಕಿನಲ್ಲಿ ಮಗ ಫೋನು ಕಿವಿಗಿಟ್ಟುಕೊಂಡು ತಲೆಯಾಡಿಸುತ್ತಾ ಮಾತಾಡುತ್ತಾನೆ. ಹಾದುಹೋಗುವ ಹೆಂಗಸರು ನನ್ನನ್ನು ನೋಡಿ ದನಿ ತಗ್ಗಿಸುತ್ತಾರೆ. ಬಿಳಿ ಶಾಲು ಹೊದ್ದು ಮಂಜಿನಲ್ಲಿ ನಿಂತ ನಾನೇ ಅವರಿಗೆ ಹೇಗೆ ಕಾಣುತ್ತೇನೋ.

ನಿನ್ನೆಯೂ ಮಾಡಿದೆ.

"ಉಂಡಿಯೇನಪಾ?"

"ಉದಕ ಉಂಡೆ."

"ಮನ್ಯಾಗ ಯಾರ್ ಯಾರ್ ಅದೀರಿ?"

"ನಾ, ಅಪ್ಪ."

"ಅವ್ವ?"

ಅವನು ಕಿಟಕಿಯ ಕಡೆ ತಿರುಗಿದ. ಒಳಗಿನ ಬೆಳಕಿಗೆ ಹೊರಗಿನದು ಕಾಣುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ.

"ಅವ್ವ ಹೊರಗ ಅದಾಳ," ಎಂದ, ಹೆತ್ತೆಗೆ ನಮ್ಮ ಮನೆಯ ಸುದ್ದಿ ಹೇಳುವ ಅದೇ ಧಾಟಿಯಲ್ಲಿ. "ಥಂಡ್ಯಾಗ ನಿಂತಾಳ. ಒಳಗ ಬಂದ್ರ ನಾ ಸುಮ್ನಾಗ್ತೀನಿ ಅಂತ ಅಂಜ್ಯಾಳ."

ಬಾಗಿಲು ತೆರೆದೇ ಇತ್ತು, ನಾಲ್ಕು ಹೆಜ್ಜೆ ಹಾಕಿದರೆ ಒಳಗಿರುತ್ತಿದ್ದೆ. "ಹೌದಾ," ಎಂದೆ, "ಮತ್ತ ಏನ್ ಮಾಡ್ತಾಳ ನಿಮ್ಮವ್ವ?" ಎಂದು ಕೇಳುತ್ತಾ ಅಲ್ಲೇ ನಿಂತೆ.