ಬೂಬಣ್ಣನ ಹೆಸರಿನ ತಂಗುದಾಣ

ಪರ್ಕಳದಿಂದ ಕಾರ್ಕಳಕ್ಕೆ ಮದುವೆಗೆಂದು ಹೊರಟಿದ್ದರು. ಸುಂದರಿಯ ಅಳಿಯ ಧನರಾಜ್ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಮಗಳು ಹರಿಣಾಕ್ಷಿ, ಹಿಂದಿನ ಸೀಟಿನಲ್ಲಿ ಸುಂದರಿ. ಬೈಲೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಹರಿಣಾಕ್ಷಿ, "ನಿಲ್ಲಿಸಿ, ನಿಲ್ಲಿಸಿ" ಎಂದಳು.

ಹೊಸ ಬಸ್ ತಂಗುದಾಣ. ಗೋಡೆಯ ಮೇಲೆ ಆಳೆತ್ತರದ ಸ್ಯಾಕ್ಸೋಫೋನಿನ ಚಿತ್ರ, ಪಕ್ಕದಲ್ಲಿ ಅವಳ ಅಪ್ಪನ ಮುಖ. 'ಸ್ಯಾಕ್ಸೋಫೋನ್ ವಾದಕ ದಿವಂಗತ ಬೂಬಣ್ಣ ಸ್ಮಾರಕ.' ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ, 'ಕೊಡುಗೆ: ಕಲಾಪೋಷಕ ಸರ್ವೋತ್ತಮ', ಜೊತೆಗೆ ಫೋನ್ ನಂಬರು.

ಸುಂದರಿಗೆ ಗಂಡನ ಮುಖಕ್ಕಿಂತ ಮೊದಲು ಕಂಡದ್ದು ಸರ್ವೋತ್ತಮರ ಹೆಸರೇ.

ಮೂವತ್ತು ವರ್ಷ ಬೂಬ ಈ ಸೀಮೆಯ ಮದುವೆ, ಭೂತದ ನೇಮಗಳಲ್ಲಿ ಊದಿದವನು. ಕೊನೆಗೆ ಸರ್ವೋತ್ತಮರ ಮಗಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಉಸಿರು ಸಾಲದೆ ಸ್ವರ ಒಡೆಯಿತು. ಸರ್ವೋತ್ತಮರು ಮೈಕಿನಲ್ಲೇ, "ಸಾಕು, ಇವನನ್ನು ಇಳಿಸಿ, ಸಿ.ಡಿ. ಹಾಕಿ" ಎಂದರು. ಜನ ನಕ್ಕರು. ಆ ಜನರ ನಡುವೆ ಸುಂದರಿಯೂ ಕೂತಿದ್ದಳು. ಎದ್ದು ಹೋಗಿ ಗಂಡನ ಕೈ ಹಿಡಿಯಲು ಅವಳಿಗೂ ಧೈರ್ಯ ಬರಲಿಲ್ಲ.

ಅಂದು ಪೆಟ್ಟಿಗೆಗೆ ಹಾಕಿದ ಸ್ಯಾಕ್ಸೋಫೋನನ್ನು ಬೂಬ ಮತ್ತೆ ತೆಗೆಯಲಿಲ್ಲ. ಕರೆಯಲು ಯಾರೂ ಬರಲೂ ಇಲ್ಲ. ಎರಡು ವರ್ಷ ಜಗಲಿಯಲ್ಲಿ ಮಾತಿಲ್ಲದೆ ಕೂತು ತೀರಿಕೊಂಡ. ಹೆಣ ಎತ್ತಿದ್ದು ನೆರೆಮನೆಯವರು. ಆಮೇಲೆ ಸುಂದರಿ ಮಣಿಪಾಲದ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆದು ಮಗಳನ್ನು ದಡ ಸೇರಿಸಿದಳು.

ಕಾರಿನಿಂದ ಇಳಿದಾಗ, ತಂಗುದಾಣದಲ್ಲಿ ಬಸ್ಸು ಕಾಯುತ್ತಿದ್ದ ಹೆಂಗಸು ತಾನಾಗಿಯೇ ಹೇಳಿದಳು: "ಹೋದ ತಿಂಗಳು ಉದ್ಘಾಟನೆ ಆಯಿತು. ಭಾರಿ ದೊಡ್ಡ ಕಲಾವಿದ ಅಂತೆ. ಪಾಪ, ಮನೆಯವರು ಯಾರೂ ಉಳಿದಿಲ್ಲ ಎಂದು ಸರ್ವೋತ್ತಮಣ್ಣ ಭಾಷಣದಲ್ಲಿ ಅತ್ತೇಬಿಟ್ಟರು."

"ಇವರು ಅವರ ಹೆಂಡತಿ" ಎಂದಳು ಹರಿಣಾಕ್ಷಿ. ಹೆಂಗಸು ಸುಂದರಿಯನ್ನು ಮೇಲಿಂದ ಕೆಳಗೆ ನೋಡಿ, ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಧನರಾಜ್ ಮೊಬೈಲ್ ತೆಗೆದ. "ಅತ್ತೆ, ಮಾವನ ಹತ್ತಿರ ನಿಲ್ಲಿ, ಒಂದು ಫೋಟೋ ತೆಗೆಯುವ."

"ಉಳಿಯದವಳು ಫೋಟೋದಲ್ಲಿ ಹೇಗೆ ಬರುವುದು?" ಎಂದಳು ಸುಂದರಿ.

ಹರಿಣಾಕ್ಷಿ ಸುಮ್ಮನಿರಲಿಲ್ಲ. ಗೋಡೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ತಾನು ಯಾರೆಂದು ತಿಳಿಸಿದಳು.

"ಹೌದಾ? ಗೊತ್ತೇ ಇರಲಿಲ್ಲ ಮಾರಾಯ್ತಿ," ಎಂದರು ಸರ್ವೋತ್ತಮ. "ಬರುವ ವರ್ಷ ಬೂಬಣ್ಣನ ನೆನಪಿನ ಕಾರ್ಯಕ್ರಮದಲ್ಲಿ ಅಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದೆಸುವ."

ಸುಂದರಿ ಫೋನ್ ಕಿತ್ತುಕೊಂಡಳು. "ನೀವು ಅವರನ್ನು ವೇದಿಕೆಯಿಂದ ಇಳಿಸಿದ ದಿನ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ."

ಆ ಕಡೆಯಿಂದ, "ಹಲೋ, ಸರಿ ಕೇಳುವುದಿಲ್ಲ, ಹಲೋ" ಎಂದು ಸ್ವರ ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಮದುವೆಯ ಊಟ ಮುಗಿಸಿ ಕಾರು ಹತ್ತುವಾಗ ಸುಂದರಿ, "ಬೈಲೂರಿನ ದಾರಿ ಬೇಡ, ಪಡುಬಿದ್ರಿ, ಕಾಪು ದಾರಿಯಾಗಿ ಹೋಗುವ" ಎಂದಳು. ಅದು ಇಮ್ಮಡಿ ದೂರ. ಧನರಾಜ್ ಕಾರನ್ನು ಪಡುಬಿದ್ರಿಯ ಕಡೆಗೆ ತಿರುಗಿಸಿದ.