ಎರಡು ಗಾಡಿಯ ಸಂಸಾರ

ನಮ್ಮನ್ನು ಮದುವೆಗೆ ಕರೆದವರು ಮಂಟಪದ ಬಾಗಿಲಲ್ಲಿ ಒಂದು ಸಣ್ಣ ಮೆರವಣಿಗೆ ನೋಡುತ್ತಿದ್ದರು. ಮೊದಲು ನಾನು ಕಾರಿನಲ್ಲಿ ಒಬ್ಬನೇ ಬಂದು ಇಳಿಯುತ್ತಿದ್ದೆ. ಹಿಂದೆಯೇ ಒಂದು ಆಟೋ ಬಂದು ನಿಲ್ಲುತ್ತಿತ್ತು. ಅದರಿಂದ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನನ್ನ ಹೆಂಡತಿ ಇಳಿಯುತ್ತಿದ್ದಳು. ಹೊಸಬರು ಗಂಡ ಹೆಂಡಿರಿಗೆ ಜಗಳವಾಗಿದೆ ಅಂದುಕೊಳ್ಳುತ್ತಿದ್ದರು. ಹಳಬರು ಏನೂ ಅಂದುಕೊಳ್ಳುತ್ತಿರಲಿಲ್ಲ. ನನ್ನನ್ನು ನೋಡಿದ ಕೂಡಲೇ ಆಟೋ ಇನ್ನೂ ಬಂದಿಲ್ಲೇನು ಎಂದು ಕೇಳುತ್ತಿದ್ದರು, ಅಷ್ಟೆ.

ಜಗಳವಲ್ಲ, ಹೊಟ್ಟೆ ತೊಳಸುವ ಕಾಯಿಲೆ. ಮುಚ್ಚಿದ ಕಾರಿನಲ್ಲಿ ಅವಳಿಗೆ ಕೂರಲಾಗುವುದಿಲ್ಲ. ಕಾರು ಹೊರಡಲೇಬೇಕೆಂದೇನೂ ಇಲ್ಲ. ಬಾಗಿಲು ಧಪ್ಪೆಂದು ಹಾಕಿಕೊಂಡು ಸೀಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ಮುಖ ಬಿಳಿಚಿಕೊಳ್ಳುತ್ತದೆ, ಕೈ ತಾನಾಗಿ ಪರ್ಸಿನೊಳಗಿನ ನಿಂಬೆಹಣ್ಣು ಹುಡುಕುತ್ತದೆ. ಕಿಟಕಿ ಇಳಿಸಿ ನೋಡಿದೆವು, ಮಾತ್ರೆ ನುಂಗಿಸಿ ನೋಡಿದೆವು, ಶುಂಠಿ ಜಗಿಸಿ ನೋಡಿದೆವು. ಆಟೋದಲ್ಲಿ ಮಾತ್ರ ಅವಳು ರಾಣಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿರಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಹಾಗಾದರೆ ನೀನೂ ಆಟೋ ಹತ್ತಬಾರದೇ ಎಂದು ಕೇಳಬಹುದು. ಹತ್ತುತ್ತಿದ್ದೆ, ನನ್ನ ಬೆನ್ನಿನ ಡಿಸ್ಕು ಜಾರದಿದ್ದರೆ. ಮದುವೆಯಾದ ಹೊಸದರಲ್ಲಿ ನಮಗೊಂದು ಸ್ಕೂಟರಿತ್ತು. ಹೈದರಾಬಾದಿನ ದಿಲ್‌ಸುಖ್‌ನಗರದ ಮನೆಯಿಂದ ಸುಲ್ತಾನ್ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅವಳು ಹಿಂದಿನಿಂದ ನನ್ನ ಕಿವಿಯಲ್ಲಿ ಒಂದು ವಾರದ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಮನೆಯಲ್ಲಿ ಹೇಳದ ಎಷ್ಟೋ ಸಂಗತಿಗಳನ್ನು ದಾರಿಯಲ್ಲಿ ಹೇಳುತ್ತಿದ್ದಳು. ಡಿಸ್ಕು ಜಾರಿದ ಮೇಲೆ ಡಾಕ್ಟರು ಸ್ಕೂಟರೂ ಬೇಡ, ಆಟೋದ ಕುಲುಕಾಟವಂತೂ ಬೇಡವೇ ಬೇಡ ಎಂದರು. ಇಂಥ ಮಾತನ್ನು ನನಗೆ ಎರಡು ಸಲ ಹೇಳಬೇಕಾಗಿಲ್ಲ. ವಿಮಾ ಕಚೇರಿಯಲ್ಲಿ ಕೂತು ಗಾಡಿಗಳ ಅಪಘಾತದ ಕಾಗದ ಓದುವುದೇ ನನ್ನ ಕಸುಬು. ರಸ್ತೆಯಲ್ಲಿ ಏನೇನು ಆಗಬಹುದು ಎಂಬುದು ನನಗೆ ಬಾಯಿಪಾಠ. ಆಗದೇ ಇರಬಹುದು ಎಂಬುದನ್ನು ಯಾರೂ ನನ್ನ ಮೇಜಿಗೆ ಕಳಿಸುವುದಿಲ್ಲ.

ಹೀಗೆ ನಮ್ಮದು ಎರಡು ಗಾಡಿಯ ಸಂಸಾರವಾಯಿತು. ಸಿಗ್ನಲಿನಲ್ಲಿ ನನ್ನ ಕಾರೂ ಅವಳ ಆಟೋವೂ ಅಕ್ಕಪಕ್ಕ ನಿಂತಾಗ ನಾನು ಕಿಟಕಿ ಇಳಿಸುತ್ತಿದ್ದೆ. ಮುಯ್ಯಿಯ ಲಕೋಟೆ ತಂದಿಯೇನು, ಗ್ಯಾಸ್ ಆರಿಸಿದೆಯೇನು ಎಂದು ಕೂಗುತ್ತಿದ್ದೆ. ಅವಳು ಕೈಯಲ್ಲೇ ಉತ್ತರ ಕೊಡುತ್ತಿದ್ದಳು. ಹಸಿರು ಬೀಳುತ್ತಿತ್ತು. ದಾಂಪತ್ಯದ ಸಂಭಾಷಣೆ ಅಲ್ಲಿಗೆ ಮುಗಿಯುತ್ತಿತ್ತು.

ಅಂಥ ಒಂದು ಸಿಗ್ನಲಿನಲ್ಲೇ ಇದು ಶುರುವಾದದ್ದು. ನಮ್ಮ ಮುಂದೆ ಹೂವಿನಿಂದ ಸಿಂಗರಿಸಿದ ಒಂದು ಬರಾತಿನ ಕಾರು ನಿಂತಿತ್ತು. ಎರಡೇ ಸೀಟಿನ, ಟಾಪು ತೆರೆದ ಚುರುಕಿನ ಗಾಡಿ. ಮದುಮಗ ಮುಖದ ಮೇಲೆ ಇಳಿಬಿದ್ದ ಹೂವಿನ ಸೆಹರಾ ಸರಿಸಿಕೊಂಡು ಆಕಳಿಸುತ್ತಿದ್ದ. ಹೆಂಡತಿ ಆಟೋದಿಂದ ಅದರತ್ತ ಬೆರಳು ತೋರಿಸಿ, ಅಷ್ಟು ಹಾರ್ನುಗಳ ನಡುವೆ ಹೇಳಿದಳು:

"ಅಂಥಾದ್ರಾಗ ಆದ್ರ ನಾನೂ ನಿಮ್ಮ ಸಂಗಾಟ ಬರ್ತೀನ್ರಿ."

ಅವಳು ತಮಾಷೆಗೆ ಅಂದಳು. ನಾನು ಮನಸ್ಸಿಗೆ ಹಚ್ಚಿಕೊಂಡೆ.

ತೆರೆದ ಜೀಪಿನ ಯೋಚನೆಯನ್ನು ನನ್ನ ಬೆನ್ನು ಮೊದಲ ದಿನವೇ ತಳ್ಳಿಹಾಕಿತು. ಈ ಚಿಕ್ಕ ಕಾರಿನ ಸೀಟಾದರೋ ಬೆನ್ನನ್ನು ತಬ್ಬಿಕೊಂಡು ಕೂರಿಸುತ್ತದೆಯಂತೆ. ಏಳುವುದೇ ಕಷ್ಟ, ಕೂರುವುದು ಸುಖ ಎಂದು ಬಲ್ಲವರು ಹೇಳಿದರು. ಹೊರದೇಶದಿಂದ ಬಂದ ಗಾಡಿ, ಹೊಸದು ನಮ್ಮ ಕೈಗೆಟುಕುವುದಲ್ಲ. ಆದರೆ ಬಳಸಿದವು ಊರಿನಲ್ಲಿ ಎರಡು ಮಾರಾಟಕ್ಕಿದ್ದವು. ಹೆಸರು ಒಂದೇ, ತಲೆಮಾರು ಬೇರೆ. ಹಳೆಯ ತಲೆಮಾರಿನದಕ್ಕೆ ಕ್ಯಾನ್ವಾಸಿನ ಟಾಪು. ಕೊಂಡಿ ಬಿಚ್ಚಿ ಕೈಯಿಂದ ಮಡಚಬೇಕು. ದೀಪಗಳು ಬಾನೆಟ್ಟಿನೊಳಗೆ ಮಲಗಿರುತ್ತವೆ, ಬೇಕಾದಾಗ ಎದ್ದು ಕಣ್ಣು ಬಿಡುತ್ತವೆ. ಹೊಸ ತಲೆಮಾರಿನದಕ್ಕೆ ಗಟ್ಟಿ ಛಾವಣಿ. ಗುಂಡಿ ಒತ್ತಿದರೆ ತಾನೇ ಮಡಚಿಕೊಂಡು ಹಿಂದೆ ಅಡಗುತ್ತದೆ. ನನ್ನ ಮನಸ್ಸು ಯಾವುದರ ಕಡೆ ಇತ್ತೆಂದು ಹೇಳಬೇಕಾಗಿಲ್ಲ. ಹೊಸದಕ್ಕೆ ಎಲ್ಲ ಕಡೆ ಏರ್‌ಬ್ಯಾಗು ಇದ್ದವು. ಹಳೆಯದಕ್ಕೆ ಒಂದೂ ಇರಲಿಲ್ಲ.

ಊಟದ ಹೊತ್ತಿನಲ್ಲಿ ವಿಷಯ ಎತ್ತಿದೆ. ಮೊದಲ ತಲೆಮಾರಿನದೋ ಮೂರನೇ ತಲೆಮಾರಿನದೋ ಎಂದು ನಾನು ವಿವರಿಸುತ್ತಿದ್ದಾಗ ಅಮ್ಮ ಮಜ್ಜಿಗೆಯ ಲೋಟ ಕೆಳಗಿಟ್ಟಳು.

"ಮೂರು ತಲಿಮಾರು ಕುಂತು ಸವಿಸಿದ ಗಾಡಿ ನಿನಗ್ಯಾಕೋ? ಯಾರ ಮನ್ಯಾಗ ಏನೇನ್ ಆಗಿತ್ತೋ ಏನೋ."

ಅಜ್ಜ, ಅಪ್ಪ, ಮಗ ಮೂವರೂ ಓಡಿಸಿದ ಗಾಡಿ ಎಂದು ಅವಳು ತಿಳಿದಿದ್ದಳು. ಹಾಗಲ್ಲಮ್ಮ, ಮೂರನೆಯದೇ ಹೊಸದು, ಮೊದಲನೆಯದು ಹಳೆಯದು ಎಂದೆ. ಅದು ಅವಳಿಗೆ ಇನ್ನೂ ಅನುಮಾನ ತಂದಿತು. ಎರಡೇ ಸೀಟು ಎಂದು ಗೊತ್ತಾದಾಗ, ತಾನು ಡಿಕ್ಕಿಯೊಳಗೆ ಕೂರಬೇಕೇ ಎಂದು ಕೇಳಿದಳು. ನಿನಗೆ ಈಗಿನ ಕಾರು ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿದೆ. ಬರಾತಿನ ಗಾಡಿಯಂಥದ್ದು ಎಂದು ಹೆಂಡತಿ ಬಾಯಿ ತಪ್ಪಿ ಹೇಳಿದ ಮೇಲೆ ಅಮ್ಮ ಒಂದು ವಾರ ನನ್ನನ್ನು ಮದುಮಗ ಎಂದೇ ಕರೆದಳು.

ಹೊಸ ತಲೆಮಾರಿನ ಕಾರು ನಗರದ ಆ ತುದಿಯಲ್ಲಿ, ಗಾಜಿನ ಗೋಡೆಯ ಶೋರೂಮಿನಲ್ಲಿತ್ತು. ನಾನು ಕಾರಿನಲ್ಲಿ, ಹೆಂಡತಿ ಆಟೋದಲ್ಲಿ ಹೋಗಿ ಅಲ್ಲಿ ಭೇಟಿಯಾದೆವು. ಮಾರುವ ಹುಡುಗಿ ತೆಲುಗಿನಲ್ಲಿ ಗುಣಗಾನ ಮಾಡುತ್ತ ಗುಂಡಿ ಒತ್ತಿದಳು. ಛಾವಣಿ ಎದ್ದು, ಮಡಚಿ, ಬಾಗಿ, ಹಿಂದಿನ ಪೆಟ್ಟಿಗೆಯೊಳಗೆ ಮಾಯವಾಯಿತು. ಹೆಂಡತಿ ಚಪ್ಪಾಳೆ ತಟ್ಟುವುದೊಂದು ಬಾಕಿ. ತೆರೆದ ಕಾರಿನಲ್ಲಿ ನಾವಿಬ್ಬರೂ ಒಂದು ಸುತ್ತು ಹೊರಟೆವು. ಎಷ್ಟು ವರ್ಷಗಳ ಮೇಲೆ ಅವಳು ನನ್ನ ಪಕ್ಕದಲ್ಲಿದ್ದಳು! ನಾನು ಹಾಡು ಗುನುಗಿದೆನಂತೆ. ನನಗೆ ನೆನಪಿಲ್ಲ, ಅವಳು ಹೇಳಿದ್ದು.

ಫ್ಲೈಓವರು ಹತ್ತುವಾಗ ಹನಿ ಬಿತ್ತು. ನಾನು ಬದಿಗೆ ನಿಲ್ಲಿಸಿ ಗುಂಡಿ ಒತ್ತಿದೆ. ಛಾವಣಿ ಬಂದು ಎಷ್ಟು ಚೆನ್ನಾಗಿ ಕೂತಿತೆಂದರೆ ಹೊರಗಿನ ಒಂದು ಸದ್ದೂ ಒಳಗೆ ಬರಲಿಲ್ಲ. ನಾನು ಮೆಚ್ಚಿಕೊಳ್ಳುತ್ತ ಪಕ್ಕಕ್ಕೆ ತಿರುಗಿದಾಗ ಅವಳು ನಿಂಬೆಹಣ್ಣು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಫ್ಲೈಓವರು ಇಳಿದ ಕೂಡಲೇ ಅವಳೂ ಇಳಿದಳು. ಮಳೆಯಲ್ಲಿ ಒಂದು ಅಂಗಡಿಯ ಶೀಟಿನ ಕೆಳಗೆ ನಿಂತು ಸ್ವಲ್ಪ ಹೊತ್ತು ಉಸಿರೆಳೆದುಕೊಂಡು ಹೇಳಿದಳು:

"ಕಾರು ಛಲೋ ಐತ್ರಿ. ನಾನ ಛಲೋ ಇಲ್ಲ."

ಆ ಮಾತು ನನಗೆ ನಾಟಿತು. ಮುಚ್ಚದೇ ಓಡಿಸೋಣ ಎಂದೆ. ಹೈದರಾಬಾದಿನ ಮೇ ತಿಂಗಳಲ್ಲಿ, ಜುಲೈನಲ್ಲಿ ತೆರೆದು ಓಡಿಸಿದರೆ ತಲೆ ಒಂದು ಕಡೆ ಸುಟ್ಟು ಇನ್ನೊಂದು ಕಡೆ ನೆನೆಯುತ್ತದೆ ಎಂದು ಅವಳೇ ಲೆಕ್ಕ ಒಪ್ಪಿಸಿದಳು. ಅವಳು ಆಟೋ ಹಿಡಿದು ಹೋದಳು. ನಾನು ಆ ಕಾರನ್ನು ಶೋರೂಮಿಗೆ ಒಪ್ಪಿಸಿ ನನ್ನದರಲ್ಲಿ ಹಿಂದೆ ಹೋದೆ.

ಹಳೆಯದನ್ನು ನೋಡಲೇಬೇಕೆಂದು ಹಟ ಹಿಡಿದವಳೂ ಅವಳೇ. ಸುಲ್ತಾನ್ ಬಜಾರಿನ ಹಿಂದೆ, ಬಟ್ಟೆ ಅಂಗಡಿಗಳ ಗದ್ದಲ ಮುಗಿಯುವ ಕಡೆ, ದೊಡ್ಡ ಅಂಗಳದ ಒಂದು ಹಳೆಯ ಮನೆ. ಮಾಲೀಕರು ನಿವೃತ್ತ ಹಲ್ಲಿನ ಡಾಕ್ಟರು, ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ, ದಖನಿ ಉರ್ದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಮಳೆಗಾಲವೆಲ್ಲ ತಾಡಪತ್ರಿಯ ಕೆಳಗಿದ್ದ ಕಾರನ್ನು ಅಂದೇ ಹೊರಗೆ ತೆಗೆದಿದ್ದರು. ದೀಪ ತೋರಿಸುತ್ತೇನೆಂದು ಸ್ವಿಚ್ಚು ಹಾಕಿದರೆ ಒಂದು ಕಣ್ಣು ಕೂಡಲೇ ತೆರೆಯಿತು, ಇನ್ನೊಂದು ಸ್ವಲ್ಪ ಯೋಚಿಸಿ ತೆರೆಯಿತು. ಕ್ಯಾನ್ವಾಸಿಗೆ ತೇಪೆ ಹಾಕಿತ್ತು. ಬಾಗಿಲಿನ ರಬ್ಬರು ಒಣಗಿ ಸೀಳಿತ್ತು. ನಾನು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದುದನ್ನು ಕಂಡು ಡಾಕ್ಟರು, ಹಲ್ಲು ನೋಡುವವನು ನಾನೋ ನೀವೋ ಎಂದು ಕೇಳಿದರು.

ಟಾಪು ಹಾಕಿದ್ದಾಗಲೇ ಅವರು ಸ್ಟೇರಿಂಗಿನ ಮುಂದೆ ಕೂತು, ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ, ಒಳಗಿನ ಸರಂಜಾಮು ವಿವರಿಸತೊಡಗಿದರು. ಎರಡೂ ಬಾಗಿಲು ಹಾಕಿಕೊಂಡವು. ನಾನು ಹೊರಗೆ ನಿಂತು ಗಾಜು ಏರಿಸಿದ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಆಗ ಅವಳ ಕೈ ಪರ್ಸಿನೊಳಗೆ ಹೋಯಿತು. ನನಗೆ ಫ್ಲೈಓವರು ಕಣ್ಣ ಮುಂದೆ ಬಂತು. ಟಾಪಿನ ಕೊಂಡಿ ಅವಳ ತಲೆಯ ಮೇಲೆಯೇ ಇತ್ತು.

"ಬಿಚ್ಚು," ಎಂದೆ. ಅವಳು ನನ್ನತ್ತ ನೋಡಿದಳೇ ಹೊರತು ಕೈ ಎತ್ತಲಿಲ್ಲ. "ಬಿಚ್ಚು, ಬಿಚ್ಚು! ನಿನ್ನ ತಲಿ ಮ್ಯಾಲ!"

ನಮ್ಮ ಬಿಚ್ಚು ಉರ್ದುವಿನವರ ಕಿವಿಗೆ ಬಿಚ್ಛೂ, ಅಂದರೆ ಚೇಳು. ಅಷ್ಟು ದಿನ ತಾಡಪತ್ರಿಯ ಕೆಳಗೆ ಬಿದ್ದಿದ್ದ ಗಾಡಿ. ಒಬ್ಬ ಮನುಷ್ಯ ಕಿಟಕಿಯಿಂದ ಹೆಂಡತಿಯ ತಲೆಯ ಕಡೆ ಬೆರಳು ಮಾಡಿ ಚೇಳು ಚೇಳು ಎಂದು ಕೂಗಿದರೆ ಯಾರು ತಾನೇ ಕೂತಿರುತ್ತಾರೆ? ಡಾಕ್ಟರು ಆ ವಯಸ್ಸಿನಲ್ಲಿ, ಅಷ್ಟು ಕೆಳಗಿನ ಸೀಟಿನಿಂದ, ಚಿಮ್ಮಿ ಹೊರಗೆ ಬಂದರು. ಬಾಗಿಲನ್ನು ಧಪ್ಪೆಂದು ಹಾಕಿ, ಪೈಜಾಮದ ತುದಿ ಕೊಡವುತ್ತ, "ಕಿಧರ್ ಹೈ ಬಿಚ್ಛೂ? ಕಿಧರ್ ಹೈ?" ಎಂದರು.

ಇಷ್ಟಕ್ಕೆ ನಿಂತಿದ್ದರೆ ಅದು ಅವರ ತಪ್ಪು ಮಾತ್ರ ಆಗುತ್ತಿತ್ತು. ಚೇಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. ಬೀಜ ಬಿತ್ತಿದವನು ನಾನೇ ಎಂಬುದು ಮರೆತೇಹೋಗಿತ್ತು. ಅವರು ಮುಂದಿನ ಚಕ್ರದ ಕೆಳಗೆ ನೋಡಿದರು, ನಾನು ಹಿಂದಿನ ಚಕ್ರದ ಕೆಳಗೆ. ತಾಡಪತ್ರಿ ಕೊಡವಿದೆವು. ಡಿಕ್ಕಿ ತೆಗೆದು ಚಾಪೆ ಎತ್ತಿದೆವು. ಕಪ್ಪಗಿತ್ತೋ ಕೆಂಪಗಿತ್ತೋ ಎಂದು ಅವರು ಕೇಳಿದಾಗ, ನಾನು ನೋಡಿಲ್ಲ, ನೀವು ನೋಡಿದಿರಲ್ಲ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಆಗ ಕಾರಿನೊಳಗಿಂದ ನಗೆ ಕೇಳಿಸಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಪರ್ಸಿನಿಂದ ತೆಗೆದದ್ದು ಕನ್ನಡಕ, ಮೀಟರಿನ ಅಂಕಿ ಓದಲು. ಉರ್ದುವಿನಲ್ಲಿ ಡಾಕ್ಟರಿಗೆ ವಿಷಯ ತಿಳಿಸಿದಳು. ಅವರು ಅಂಗಳದ ಕಟ್ಟೆಯ ಮೇಲೆ ಕೂತು ಎಷ್ಟು ನಕ್ಕರೆಂದರೆ ನನಗೆ ಅವರ ಎದೆಯ ಬಗ್ಗೆ ಚಿಂತೆ ಹತ್ತಿತು.

ನಗು ಇಳಿದ ಮೇಲೆ ನನಗೆ ಹೊಳೆಯಿತು. ಬಾಗಿಲು ಹಾಕಿತ್ತು. ಟಾಪು ಹಾಕಿತ್ತು. ಇಬ್ಬರು ಗಂಡಸರು ಇಲ್ಲದ ಚೇಳು ಹುಡುಕಿ ಮುಗಿಸುವಷ್ಟು ಹೊತ್ತು ಅವಳು ಒಳಗೇ ಕೂತಿದ್ದಳು. ಮುಖ ಬಿಳಿಚಿರಲಿಲ್ಲ, ನಗೆಗೆ ಕೆಂಪಾಗಿತ್ತು. ಅವಳಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಸೀಳಿದ ರಬ್ಬರಿನ ಹತ್ತಿರ ಅಂಗೈ ಹಿಡಿದು ನೋಡಿದಳು.

"ಗಾಳಿ ಬರಾಕತ್ತೈತ್ರಿ," ಎಂದಳು. "ಎಲ್ಲಾ ಕಡಿಂದ ಬರಾಕತ್ತೈತಿ."

ನಾನು ದೋಷವೆಂದು ಮುಟ್ಟಿ ನೋಡಿದ್ದ ಒಂದೊಂದು ಬಿರುಕೂ ಅವಳಿಗೆ ಕಿಟಕಿಯಾಗಿತ್ತು. ಬಿಸಿಲಿದ್ದುದರಿಂದ ಟಾಪು ಬಿಚ್ಚದೆಯೇ ಓಡಿಸಿ ನೋಡಿದೆವು, ಕೋಟಿ ಬಡಾವಣೆಯ ಕಡೆಯಿಂದ ನದಿಯ ಸೇತುವೆ ದಾಟಿ ಹಿಂದಕ್ಕೆ. ಕ್ಯಾನ್ವಾಸು ಪಟಪಟ ಬಡಿದುಕೊಳ್ಳುತ್ತಿತ್ತು. ಹಾದುಹೋದ ಬಸ್ಸಿನ ಹೊಗೆಯೂ ಬೇಕರಿಯ ಘಮವೂ ಒಳಗೆ ಬಂದು ಹೋದವು. ನಾನು ರಸ್ತೆಗಿಂತ ಅವಳ ಮುಖವನ್ನೇ ಹೆಚ್ಚು ನೋಡುತ್ತಿದ್ದೆ. ಮುಂದೆ ನೋಡ್ರಿ ಎಂದು ಅವಳು ಗದರಬೇಕಾಯಿತು. ಪರ್ಸು ಅವಳ ಕಾಲ ಬಳಿ ಬಿದ್ದಿತ್ತು.

ಆದರೂ ಮನೆಗೆ ಬಂದು ನಾನು ಏರ್‌ಬ್ಯಾಗಿನ ಚಿಂತೆ ಶುರುಮಾಡಿದೆ. ಬಿಡಿಭಾಗ ಸಿಗುತ್ತದೋ ಇಲ್ಲವೋ, ಮಳೆಯಲ್ಲಿ ಸೋರುತ್ತದಲ್ಲ, ತಡವಾಗಿ ತೆರೆಯುವ ಆ ಕಣ್ಣು ಒಂದು ದಿನ ತೆರೆಯದೇ ಹೋದರೆ? ಅವಳು ಹೆಸರುಬೇಳೆಯ ಕಲ್ಲು ಆರಿಸುತ್ತ ಕೇಳಿಸಿಕೊಂಡಳು.

"ನೀವು ಓಡ್ಸೋ ಸ್ಪೀಡಿಗೆ ಏರ್‌ಬ್ಯಾಗ್ ಯಾಕ್ ಬೇಕ್ರಿ? ಒಂದು ತಲಿದಿಂಬು ಸಾಕು." ಆಮೇಲೆ ತಲೆ ಎತ್ತದೆಯೇ ಅಂದಳು, "ನನಗ ಬಾಜೂಕ ಕುಂತು ಹೋಗಾಕ ಸಿಗ್ತೈತಿ ಅಂದ್ರ ಒಂದೆರಡು ಹನಿ ಬಿದ್ರ ಬೀಳ್ಲಿ."

ಅಲ್ಲಿಗೆ ತಲೆಮಾರಿನ ಪ್ರಶ್ನೆ ಮುಗಿಯಿತು.

ಗಾಡಿ ಮನೆಗೆ ಬಂದ ದಿನ ಅಮ್ಮ ಆರತಿ ತಟ್ಟೆ ಹಿಡಿದು ಗೇಟಿನಲ್ಲೇ ನಿಂತಿದ್ದಳು. ಎಲ್ಲ ಗಾಡಿಗೂ ಮಾಡುವಂತೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವಾಗ ಒಂದು ಉರುಳಿ ಮೋರಿಗೆ ಬಿತ್ತು. ನಾಲ್ಕನೆಯ ಚಕ್ರ ಬರಿದಾಗಿ ಉಳಿಯಿತು. ಇದನ್ನು ಅಪಶಕುನದ ಲೆಕ್ಕಕ್ಕೆ ಸೇರಿಸಬೇಕೇ ಎಂದು ನಾನು ಯೋಚಿಸುತ್ತಿದ್ದಾಗ ಹೆಂಡತಿ ಪರ್ಸು ತೆರೆದು ತನ್ನ ನಿಂಬೆಹಣ್ಣು ತೆಗೆದಳು, ಬಗ್ಗಿ ಆ ಚಕ್ರದ ಕೆಳಗೆ ಇಟ್ಟಳು. ದಾರಿಯಲ್ಲಿ ಬೇಕಾದರೆ ಏನು ಮಾಡುತ್ತೀ ಎಂದೆ. ಅವಳು ಹೋಗಿ ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ ಕೂತಳು. "ಹತ್ತಪಾ ಮದುಮಗಾ," ಎಂದಳು ಅಮ್ಮ. ನಿಂಬೆಹಣ್ಣು ಚಕ್ರದ ಕೆಳಗೆ ಪಿಚಕ್ಕೆಂದು ಒಡೆಯಿತು.

ಈಗ ನಮ್ಮ ಮನೆಯಲ್ಲಿ ಟಾಪು ತೆಗೆಯುವುದಕ್ಕೆ ಚೇಳು ಹಿಡಿಯುವುದು ಎನ್ನುತ್ತಾರೆ. ಕಳೆದ ತಿಂಗಳು ಒಂದು ಮದುವೆಗೆ ಹೊರಟಾಗ ಸಂಜೆ ತಂಪಾಗಿತ್ತು. ಚೇಳು ಹಿಡಿದೇ ಹೊರಟೆವು. ದಿಲ್‌ಸುಖ್‌ನಗರದ ಸಿಗ್ನಲಿನಲ್ಲಿ ನಿಂತಾಗ ಪಶ್ಚಿಮದ ಕಡೆ ಒಂದು ಮೋಡ ಕಾಣಿಸಿತು. ನನಗೆ ಮುಯ್ಯಿಯ ಲಕೋಟೆ ನೆನಪಾಯಿತು. ಹಳೆಯ ಅಭ್ಯಾಸ, ಕತ್ತು ಹೊರಚಾಚಿ ದೊಡ್ಡ ದನಿಯಲ್ಲಿ, ಲಕೋಟೆ ತಂದಿಯೇನು ಎಂದು ಕೂಗಿದೆ. ಪಕ್ಕದ ಆಟೋದಲ್ಲಿದ್ದ ಅಪರಿಚಿತ ಹೆಂಗಸು ಬೆಚ್ಚಿ ತನ್ನ ಚೀಲ ನೋಡಿಕೊಂಡಳು.

ಹೆಂಡತಿ ನನ್ನ ತೋಳಿನ ಮೇಲೆ ಕೈ ಇಟ್ಟಳು.

"ಯಾಕ್ರಿ ಒದರ್ತೀರಿ? ಇಲ್ಲೇ ಬಾಜೂಕ ಕುಂತೀನಲ್ಲ."