ಅಜ್ಜಿ ಮನೆಯವರ ಜಂಬ

ನಮ್ಮ ಅಜ್ಜಿ ಮನೆಯವರಿಗೆ ಜಂಬ ಜಾಸ್ತಿ ಎಂದು ಮೂಡಲಪಾಳ್ಯದಲ್ಲಿ ಎಲ್ಲರೂ ಹೇಳುತ್ತಿದ್ದರು. ಅಜ್ಜಿ ಯಾರನ್ನೇ ನೋಡಲಿ, ಗದ್ದ ಮೇಲೆತ್ತಿ ಅರೆಗಣ್ಣಿನಲ್ಲೇ ನೋಡುತ್ತಿದ್ದಳು. ಸೋದರಮಾವನೂ ಹಾಗೇ. ಅದು ತಮ್ಮ ವಂಶದ ಗತ್ತು ಎಂದು ಇಬ್ಬರೂ ಮೆರೆಯುತ್ತಿದ್ದರು. ನನಗೆ ಹತ್ತೊಂಬತ್ತನೇ ವಯಸ್ಸಿಗೆ ರೆಪ್ಪೆ ಜೋತುಬಿದ್ದಾಗ ಮಾತ್ರ ಅದು ಗತ್ತಾಗಲಿಲ್ಲ, ರೋಗವಾಯಿತು.

ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ "ಇವಳು ನನ್ನ ಮಗನಿಗೆ" ಎಂದು ಹೇಳಿಟ್ಟಿದ್ದಳಂತೆ. ಮಾವ ನನಗಿಂತ ಹತ್ತು ವರ್ಷ ದೊಡ್ಡವನು, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟರ್. ನಾನು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಇಳಿದು ಸೂಜಿಯೇ ಕಾಣುತ್ತಿರಲಿಲ್ಲ. ರೆಪ್ಪೆಯನ್ನು ಎತ್ತಿ ಹುಬ್ಬಿಗೆ ಪ್ಲಾಸ್ಟರ್ ಹಾಕಿ ಅಂಟಿಸಿಕೊಳ್ಳುತ್ತಿದ್ದೆ. ಮಾವ ಅದನ್ನು ನೋಡಿದವನೇ ಅಮ್ಮನಿಗೆ ಹೇಳಿದ: "ಅಕ್ಕಾ, ಬೇಜಾರ್ ಮಾಡ್ಕೋಬೇಡ, ಈ ಮದ್ವೆ ಬೇಡ. ಇವಳ ಮುಖ ನೋಡಿದ್ರೆ ನಂಗೇ ನಿದ್ದೆ ಬರುತ್ತೆ."

ಅಜ್ಜಿ ದನಿಗೂಡಿಸಿದಳು. "ಇದೆಲ್ಲ ಅವಳಪ್ಪನ ಕಡೇದು ಕಣೇ. ನಮ್ಮಲ್ಲಿ ಯಾರಿಗಿದೆ?"

ಅಪ್ಪ ಸತ್ತು ಎಂಟು ವರ್ಷವಾಗಿತ್ತು. ಸತ್ತವನ ತಲೆಗೆ ಕಟ್ಟುವುದು ಎಷ್ಟು ಸುಲಭ! ನನಗೆ ಮೈಯೆಲ್ಲ ಉರಿಯಿತು.

ದೊಡ್ಡಾಸ್ಪತ್ರೆಯಲ್ಲಿ ನನ್ನ ತೊಡೆಯಿಂದ ಹುಣಸೆಬೀಜದಷ್ಟು ಮಾಂಸ ಕತ್ತರಿಸಿ ಪರೀಕ್ಷೆಗೆ ತೆಗೆದುಕೊಂಡರು. ಎರಡು ತಿಂಗಳ ಮೇಲೆ ಡಾಕ್ಟರಮ್ಮ ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು ವಿವರಿಸಿದರು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯ ಎಂಬುದು ನನ್ನಲ್ಲಿ ಕೆಟ್ಟಿದೆ, ಅದಕ್ಕೇ ಕಣ್ಣಿನ ಸ್ನಾಯು ಸೋಲುತ್ತಿದೆ ಎಂದರು.

"ಇದು ತಾಯಿ ಕಡೆಯಿಂದ ಬಂದಿರಬಹುದಮ್ಮ. ವಂಶವಾಹಿ ಪರೀಕ್ಷೆ ಹೊರದೇಶದಲ್ಲಿ ಈಗಷ್ಟೇ ಶುರುವಾಗಿದೆ, ನಾವು ಕಳಿಸ್ತೀವಿ. ನಿಮ್ಮೊಬ್ಬರ ರಕ್ತ ಸಾಲಲ್ಲ. ತಾಯಿ, ಅಜ್ಜಿ, ಮಾವ, ಎಲ್ಲರದೂ ಬೇಕು."

"ನನ್ನ ಮಕ್ಕಳಿಗೂ ಬರುತ್ತಾ ಮೇಡಂ?" ನನಗೆ ಬೇಕಿದ್ದದ್ದು ಅದೊಂದೇ ಉತ್ತರ.

"ಅದನ್ನ ಹೇಳೋಕೇ ಎಲ್ಲರ ರಕ್ತ ಕೇಳ್ತಿರೋದು."

ಅಮ್ಮ ಅಲ್ಲೇ ತೋಳು ಚಾಚಿದಳು. ಉಳಿದಿಬ್ಬರನ್ನು ಕೇಳಲು ಮೂಡಲಪಾಳ್ಯಕ್ಕೆ ಹೋದರೆ, ಮಾವನಿಗೆ ಬೇರೆ ಹುಡುಗಿ ಗೊತ್ತಾಗಿ, ಅಜ್ಜಿ ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಾ ಕೂತಿದ್ದಳು.

"ರಕ್ತ ಕೊಟ್ಟಿದ್ದು ಹೆಣ್ಣಿನ ಕಡೆಯವ್ರಿಗೆ ಗೊತ್ತಾದ್ರೆ? ನಿಂದು ಮುರೀತು ಅಂತ ನಂದೂ ಮುರೀಬೇಕಾ?" ಎಂದ ಮಾವ, ಗದ್ದ ಮೇಲೆತ್ತಿಕೊಂಡೇ.

"ಗದ್ದ ಇಳಿಸಿ ನನ್ನ ನೋಡು ಮಾವ, ನೋಡೋಣ."

"ಎದ್ದು ಹೋಗೇ!" ಎಂದಳು ಅಜ್ಜಿ. ಅವಳ ಗದ್ದವೂ ಮೇಲಕ್ಕೇ ಇತ್ತು.

ಮದುವೆಗೆ ಬೇಕೆಂದೇ ಹೋದೆ. ಫೋಟೋದವನು "ಸಾರ್, ತಲೆ ಸ್ವಲ್ಪ ತಗ್ಗಿಸಿ" ಎಂದ. ಮಾವ ತಗ್ಗಿಸಿದ. "ಕಣ್ಣು ಬಿಡಿ ಸಾರ್." ಮಾವ ಹುಬ್ಬೇರಿಸಿದ, ಹಣೆ ಸುಕ್ಕುಗಟ್ಟಿತು, ರೆಪ್ಪೆ ಮೇಲೇಳಲಿಲ್ಲ. "ಸಾರ್, ಕಣ್ಣು!" ಮೂರನೆಯ ಸಲಕ್ಕೆ ಮದುಮಗಳೇ ತಿರುಗಿ ಅವನ ಮುಖ ನೋಡಿದಳು. ನಾನು ಛತ್ರದಲ್ಲಿ ಎಲ್ಲರಿಗೂ ಕೇಳುವಂತೆ ನಕ್ಕೆ. ನಾಚಿಕೆಯೇನೂ ಆಗಲಿಲ್ಲ.

ಮುಂದಿನ ವಾರ ಡಾಕ್ಟರಮ್ಮನಿಗೆ ಅದನ್ನು ಖುಷಿಯಿಂದಲೇ ಹೇಳಿದೆ. ಅವರು ನಗಲಿಲ್ಲ. "ಹಾಗಾದ್ರೆ ತಾಯಿ ಕಡೇದೇ ಇರಬೇಕು. ಅವರಿಗೂ ಇದೆ ಅನ್ಸುತ್ತೆ. ಆದ್ರೆ ಗಂಡಸರಿಂದ ಮಕ್ಕಳಿಗೆ ಇದು ಹೋಗಲ್ಲಮ್ಮ. ನಿಮ್ಮಿಂದ ಹೋಗಬಹುದು."

ಮಾಗಡಿ ರಸ್ತೆಯುದ್ದಕ್ಕೂ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಮಾವನನ್ನು ಬಾಯಿಗೆ ಬಂದ ಹಾಗೆ ಬೈದೆ. ಎರಡು ಹನಿ ರಕ್ತವನ್ನೂ ಕೊಡದವನ ಮಕ್ಕಳಿಗೆ ಏನೂ ಆಗುವುದಿಲ್ಲ. ಪರೀಕ್ಷೆ ಅರ್ಧಕ್ಕೇ ನಿಂತಿತು, ಖಚಿತ ಉತ್ತರ ಯಾರೂ ಕೊಡಲಿಲ್ಲ. ನಾನು ಮದುವೆಯೇ ಬೇಡವೆಂದುಬಿಟ್ಟೆ.

ಕೆಲವು ವರ್ಷಗಳ ಮೇಲೆ ಅಜ್ಜಿಯ ತಿಥಿಗೆ ಹೋಗಿದ್ದಾಗ ಮಾವನ ಮಗಳು ನನ್ನೆದುರು ಬಂದು ನಿಂತಳು. ಅಷ್ಟಗಲದ ಕಣ್ಣುಗಳು, ಪೂರ್ತಿ ತೆರೆದಿದ್ದವು. ಅವಳ ಮುಖ ಕಾಣಲೆಂದು ನಾನು ಗದ್ದ ಮೇಲೆತ್ತಿದೆ.

"ಅಕ್ಕಾ, ನಿಂಗ್ಯಾಕೆ ಇಷ್ಟು ಜಂಬ?" ಎಂದು ಕೇಳಿದಳು.